'ಡ್ಯೂ' ಎಂಬ ಪದ: ಅರ್ಥ ಮತ್ತು ವ್ಯಾವಹಾರಿಕ ಬಳಕೆ

ವಾಣಿಜ್ಯ ಪತ್ರವ್ಯವಹಾರದಲ್ಲಿ ನಿತ್ಯವೂ ಬಳಕೆಯಾಗುವ ಇಂಗ್ಲಿಷ್ ವಿಶೇಷಣಗಳಲ್ಲಿ 'ಡ್ಯೂ' ಒಂದು. ಕನ್ನಡದಲ್ಲಿ ಇದನ್ನು 'ಬಾಕಿ' ಎಂದು ಅನುವಾದಿಸುವ ರೂಢಿಯಿದೆ. ಆದರೆ ಬಾಕಿ ಎಂದರೆ ಹಿಂದಿನಿಂದ ಉಳಿದುಬಂದ ಹಣ. 'ಡ್ಯೂ' ಮುಂದೆ ನಿಶ್ಚಿತ ದಿನದಂದು ಆಗಬೇಕಾದುದನ್ನೂ ಸೂಚಿಸುತ್ತದೆ. ಈ ಅಂತರವನ್ನು ಅರಿಯದಿದ್ದಲ್ಲಿ ವಸೂಲಿಯ ಹಕ್ಕಿಗೇ ಧಕ್ಕೆಯಾಗಬಹುದು.

ಪದದ ಮುಖ್ಯ ಅರ್ಥಗಳು ಮೂರು:

1. ನಿರೀಕ್ಷಿತ: ಸರಕು ಸೋಮವಾರ 'ಡ್ಯೂ' ಎಂದರೆ ಅಂದು ತಲುಪುವ ನಿರೀಕ್ಷೆಯಿದೆ ಎಂದರ್ಥ, ಅದು ಖಾತರಿಯಲ್ಲ.

2. ಸಂದಾಯವಾಗಬೇಕಾದ: ಹಣ 15ನೇ ತಾರೀಖು 'ಡ್ಯೂ' ಎಂದರೆ ಅದೇ ವಾಯಿದೆಯ ದಿನ. ಆ ದಿನ ಕಳೆದ ಮೇಲೆ ಅದು 'ಓವರ್‌ಡ್ಯೂ'.

3. ಯುಕ್ತ: 'ಡ್ಯೂ ಕೇರ್' ಎಂದರೆ ತಕ್ಕ ಎಚ್ಚರಿಕೆ.

'ಇನ್ ಡ್ಯೂ ಕೋರ್ಸ್' ಎಂಬ ಪದಪುಂಜವನ್ನು ವಿಶೇಷವಾಗಿ ಗಮನಿಸಬೇಕು. ಹಣವನ್ನು 'ಇನ್ ಡ್ಯೂ ಕೋರ್ಸ್' ಪಾವತಿಸಲಾಗುವುದು ಎಂಬ ಉತ್ತರದಲ್ಲಿ ಯಾವ ದಿನಾಂಕವೂ ಇಲ್ಲ. ಅದು 'ಯಥಾಕಾಲದಲ್ಲಿ' ಎಂದಷ್ಟೇ ಹೇಳುತ್ತದೆ. ಅಂತಹ ಪತ್ರ ಬಂದೊಡನೆ ನಿರ್ದಿಷ್ಟ ದಿನಾಂಕವನ್ನು ಲಿಖಿತವಾಗಿ ಕೇಳುವುದು ಲೇಸು.

ವಾಯಿದೆಯ ದಿನವನ್ನು ಕೆಲವೆಡೆ ಕಾನೂನೇ ನಿರ್ಧರಿಸುತ್ತದೆ. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ 22ನೇ ಕಲಮಿನಂತೆ, ಅವಧಿ ನಮೂದಿಸಿದ ವಿನಿಮಯ ಪತ್ರವು ಅವಧಿ ತೀರಿದ ಮೂರನೆಯ ದಿನ ಪಕ್ವವಾಗುತ್ತದೆ. ಜೂನ್ 1ರ ದಿನಾಂಕವುಳ್ಳ 60 ದಿನಗಳ ಪತ್ರದ ಅವಧಿ ಜುಲೈ 31ಕ್ಕೆ ತೀರಿದರೂ, ಅದು 'ಡ್ಯೂ' ಆಗುವುದು ಆಗಸ್ಟ್ 3ರಂದು. ಆ ದಿನ ಭಾನುವಾರವಾದರೆ, 25ನೇ ಕಲಮಿನಂತೆ ಹಿಂದಿನ ವ್ಯವಹಾರ ದಿನವೇ ವಾಯಿದೆ.

2006ರ ಎಂ.ಎಸ್.ಎಂ.ಇ. ಅಭಿವೃದ್ಧಿ ಕಾಯಿದೆಯು ಅತಿಸಣ್ಣ ಹಾಗೂ ಸಣ್ಣ ಉದ್ದಿಮೆಗಳಿಗೆ ಇನ್ನಷ್ಟು ಬಲ ನೀಡಿದೆ. ಲಿಖಿತ ಕರಾರಿದ್ದರೂ ಪಾವತಿಯ ಅವಧಿಯು ಸರಕು ಸ್ವೀಕೃತವಾದ ದಿನದಿಂದ 45 ದಿನಗಳನ್ನು ಮೀರುವಂತಿಲ್ಲ. ಕರಾರಿಲ್ಲದಿದ್ದಲ್ಲಿ 15 ದಿನಗಳು ಮಾತ್ರ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿಯನ್ನು, ತಿಂಗಳಿಗೊಮ್ಮೆ ಚಕ್ರಬಡ್ಡಿಯಾಗಿ, ಖರೀದಿದಾರರು ತೆರಬೇಕಾಗುತ್ತದೆ. ಆದರೆ 2021ರಲ್ಲಿ ಚಿಲ್ಲರೆ ಹಾಗೂ ಸಗಟು ವ್ಯಾಪಾರಿಗಳಿಗೆ ದೊರೆತ ಉದ್ಯಮ್ ನೋಂದಣಿಯ ಅವಕಾಶವು ಆದ್ಯತಾ ವಲಯದ ಸಾಲಕ್ಕೆ ಸೀಮಿತವಾಗಿತ್ತು ಎಂಬುದನ್ನು ವರ್ತಕರು ನೆನಪಿಡಬೇಕು.

ಆದುದರಿಂದ ಇನ್‌ವಾಯ್ಸ್‌ನಲ್ಲಿ '45 ದಿನಗಳು' ಎಂದಷ್ಟೇ ಬರೆದರೆ ಸಾಲದು. ಬಿಲ್ಲಿನ ದಿನದಿಂದಲೋ, ಸರಕು ಸ್ವೀಕೃತವಾದ ದಿನದಿಂದಲೋ ಎಂಬುದನ್ನು ಸ್ಪಷ್ಟಪಡಿಸಿ, 'ಡ್ಯೂ' ಎಂಬ ಪದದ ಮುಂದೆ ದಿನ, ತಿಂಗಳು, ವರ್ಷಗಳನ್ನು ನಮೂದಿಸಬೇಕು. ಸರಕು ತಲುಪಿದ್ದಕ್ಕೆ ಸಹಿ ಮತ್ತು ದಿನಾಂಕವುಳ್ಳ ರಸೀದಿಯನ್ನು ಕಾಯ್ದಿರಿಸಬೇಕು. ವಿವಾದ ಉಂಟಾದಾಗ ದಿನಗಳ ಎಣಿಕೆ ಆರಂಭವಾಗುವುದು ಆ ರಸೀದಿಯಿಂದಲೇ.