ಅವರೆಯ ಕಾಲ

ಅಡಿಗೆಯ ವಿಚಾರವು ಕಾಲೇಜು ಪತ್ರಿಕೆಯಲ್ಲಿ ಬರೆಯತಕ್ಕದ್ದೇ ಎಂದು ಕೆಲವು ಮಿತ್ರರು ಹುಬ್ಬೇರಿಸಬಹುದು. ಇಟಲಿಯ ಪೆಲೆಗ್ರೀನೋ ಆರ್ಟೂಸಿ ಎಂಬಾತ ಅಲ್ಲಿನ ಮನೆಯಡಿಗೆಯನ್ನು ಕುರಿತು 1891ರಲ್ಲಿ ಪ್ರಕಟಿಸಿದ ಗ್ರಂಥಕ್ಕೆ ಇಂದಿಗೂ ಓದುಗರಿದ್ದಾರೆ. ಅದರಲ್ಲಿ ತಿಂಗಳು ತಿಂಗಳಿಗೂ ಬೇರೆ ಬೇರೆ ಊಟದ ಪಟ್ಟಿಗಳಿವೆ. ಅಂಥ ಪಟ್ಟಿಯೊಂದನ್ನು ನಮ್ಮ ಯಲಹಂಕ ಸೀಮೆಗೆ ಬರೆಯಹೊರಟರೆ, ಡಿಸೆಂಬರ್ ಜನವರಿಗಳ ಎದುರಿಗೆ ಒಂದೇ ಹೆಸರು ಸಾಕು: ಅವರೆಕಾಯಿ.

ಈ ಕಾಲವೇ ಏಕೆ? ಹಳೆಯ ನಾಟಿ ಅವರೆ ಹಗಲು ಕಿರಿದಾಗುವವರೆಗೆ ಹೂ ಬಿಡುವುದಿಲ್ಲ. ನಮ್ಮಲ್ಲಿ ಜೂನ್ ಕೊನೆಯ ಹಗಲು ಸುಮಾರು 12 ಗಂಟೆ 50 ನಿಮಿಷ; ಡಿಸೆಂಬರ್ ಕೊನೆಯದು ಸುಮಾರು 11 ಗಂಟೆ 20 ನಿಮಿಷ. ನಮಗೆ ಅಷ್ಟಾಗಿ ತಿಳಿಯದ ಈ ಒಂದೂವರೆ ಗಂಟೆಯ ಅಂತರವನ್ನು ಗಿಡ ಅರಿಯುತ್ತದೆ! ರೈತನ ಬೇಸಾಯವೂ ಇದಕ್ಕೆ ಹೊಂದಿಕೊಂಡಿತ್ತು. ಮುಂಗಾರಿನಲ್ಲಿ ಎಂಟು ಹತ್ತು ಸಾಲು ರಾಗಿಗೆ ಒಂದು ಅಕ್ಕಡಿ ಸಾಲು ಅವರೆ. ರಾಗಿಯ ಕೊಯ್ಲಾದ ಮೇಲೆ ಹೊಲವೆಲ್ಲ ಅವರೆಯದೇ. ನೆಲದಲ್ಲಿ ಉಳಿದ ತೇವದಿಂದಲೂ ಇಬ್ಬನಿಯಿಂದಲೂ ಅದು ಕಾಯಿ ಕಟ್ಟುತ್ತದೆ. ಹೀಗೆ ಮುದ್ದೆಯೂ ಸಾರೂ ಒಂದೇ ಹೊಲದಿಂದ ಬರುತ್ತಿದ್ದುವು.

ಅವರೆಯ ಅಡಿಗೆಗಳಲ್ಲಿ ಹಿತಕಿದ ಬೇಳೆಯ ಸಾರೇ ಶ್ರೇಷ್ಠವೆಂಬುದು ನನ್ನ ಮತ. ಸುಲಿದ ಕಾಳನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಒಂದೊಂದನ್ನೇ ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಸುಕಿದರೆ ಸಿಪ್ಪೆಯಿಂದ ಬೇಳೆ ಚಿಮ್ಮುತ್ತದೆ. ಹುರಿದ ಈರುಳ್ಳಿ, ಬೆಳ್ಳುಳ್ಳಿ, ಕೊತ್ತಂಬರಿ, ಗಸಗಸೆ, ಚಕ್ಕೆ, ಲವಂಗ, ತೆಂಗಿನಕಾಯಿ ಇವನ್ನು ರುಬ್ಬಿದ ಮಸಾಲೆಯಲ್ಲಿ ಅದು ಬೇಯಬೇಕು, ಕರಗಬಾರದು. ಬುಟ್ಟಿ ತುಂಬ ಕಾಯಿ ಸುಲಿದರೆ ಕೊನೆಗೆ ಒಂದು ಪಾತ್ರೆ ಬೇಳೆ. ಈ ಕೆಲಸ ನಮ್ಮ ಮನೆಯಲ್ಲಿ ಅಜ್ಜಿ, ಅಮ್ಮ, ಅಕ್ಕ ಇವರ ಪಾಲಿಗೇ ಬರುತ್ತದೆ. ಉಣ್ಣುವ ಗಂಡಸರು ರುಚಿಯನ್ನು ಹೊಗಳಿ ಏಳುತ್ತಾರೆ. ರೋಮಿನವರಿಗೂ ಇಂಥದೊಂದು ಕಾಳುಂಟು. ವಸಂತದಲ್ಲಿ ಬರುವ ಫಾವಾ ಎಂಬ ಹಸಿ ಕಾಳನ್ನು ಅವರು ಮೇ 1ರಂದು ಕುರಿಹಾಲಿನ ಗಿಣ್ಣಿನೊಡನೆ ಹಸಿಯಾಗಿಯೇ ತಿನ್ನುತ್ತಾರೆ. ಹಿಸುಕುವ ಶ್ರಮ ಅಂದು ಅವರ ಹೆಂಗಸರಿಗಿಲ್ಲ!

ಇನ್ನು ಹೆಬ್ಬಾಳದ ಮಾತು. 1964ರಲ್ಲಿ ಆರಂಭವಾದ ಅಲ್ಲಿನ ಕೃಷಿ ವಿಶ್ವವಿದ್ಯಾನಿಲಯವು ಹಗಲಿನ ಉದ್ದವನ್ನು ಲೆಕ್ಕಿಸದೆ ಹೂ ಬಿಡುವ ಹೆಬ್ಬಾಳ ಅವರೆ 3, ಹೆಬ್ಬಾಳ ಅವರೆ 4 ಎಂಬ ತಳಿಗಳನ್ನು ಬಿಡುಗಡೆ ಮಾಡಿತು. ರೈತನಿಗೆ ವರ್ಷವೆಲ್ಲ ಕಾಸು ಕಾಣುವಂತಾಯಿತು. ಇದನ್ನು ಹಳಿಯುವುದು ಹೊಟ್ಟೆ ತುಂಬಿದವರ ಮಾತಾದೀತು. ಆದರೆ ಬೇಸಗೆಯ ಅವರೆಯಲ್ಲಿ, ಕಾಯಿ ಸುಲಿದ ಬೆರಳಿಗೆ ಸಂಜೆಯವರೆಗೂ ಅಂಟಿಕೊಂಡಿರುವ ಆ ಮಾಗಿಯ ಸೊಗಡು ನನ್ನ ಮೂಗಿಗೆ ಇದುವರೆಗೆ ಸಿಕ್ಕಿಲ್ಲ.

ಹೊಸ ತಳಿಗಿಂತ ದೊಡ್ಡ ಪೆಟ್ಟು ಹೊಲ ಹೋದದ್ದು. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ನಮ್ಮ ಸೀಮೆಯ ಎಷ್ಟೋ ರಾಗಿಹೊಲಗಳು ಬಡಾವಣೆಗಳಾದುವು, ನಮ್ಮದೂ ಆಯಿತು. ರಾಗಿ ಹೋದಮೇಲೆ ಅಕ್ಕಡಿ ಸಾಲಿಗೆ ಎಡೆಯೆಲ್ಲಿ? ಸಂಕ್ರಾಂತಿಗೆ ಕಡಲೆಕಾಯಿ, ಗೆಣಸುಗಳೊಡನೆ ಬೇಯಿಸುವ ಅವರೆಯನ್ನು ಈಗ ಚಿಂತಾಮಣಿ ಕಡೆಯಿಂದ ಬಂದ ಮೂಟೆಯಿಂದ ಕೊಳ್ಳುತ್ತೇವೆ.

ನಮ್ಮಜ್ಜಿ ಕೆಮ್ಮಣ್ಣು ಬಳಿದು ಮಡಕೆಯಲ್ಲಿಟ್ಟಿದ್ದ ನಾಟಿ ಬೀಜ ಇನ್ನೂ ಎರಡು ಹಿಡಿಯಷ್ಟಿದೆ. ಜೂನ್ ಮಳೆಗೆ ಅದನ್ನು ಮನೆಯ ಹಿತ್ತಲಿನಲ್ಲಿ ಊರಲಿದ್ದೇನೆ. ಓದುಗ ಮಿತ್ರರ ಮನೆಗಳಲ್ಲಿ ಅಂಥ ಬೀಜವಿದ್ದರೆ ಒಂದು ಹಿಡಿ ತಂದುಕೊಡಬೇಕೆಂದು ಕೋರುತ್ತೇನೆ.