ರೋಗದ ಹೆಸರು ಬೇಡ, ಲಕ್ಷಣ ಹೇಳು

ಪುಟ್ಟಿ, ಹತ್ತು ವರ್ಷ ಓಡಿದ ಪೆಟ್ರೋಲ್ ಕಾರು ತಗೊಂಡಿದ್ದೀಯ ಎಂದು ನಿಮ್ಮಮ್ಮ ಹೇಳಿದಳು. ಸಂತೋಷ. ಸಕಲೇಶಪುರದ ಹೆದ್ದಾರಿ ಬದಿಯಲ್ಲಿ ಗ್ಯಾರೇಜು ನಡೆಸಿದ ಮಾವನಾಗಿ ಒಂದಿಷ್ಟು ಹೇಳಿಬಿಡುತ್ತೇನೆ, ಆಮೇಲೆ ನಿನ್ನಿಷ್ಟ.

ಈಗಿನವರು ಗ್ಯಾರೇಜಿಗೆ ಬರುವಾಗಲೇ ಫೋನಿನಲ್ಲಿ ನಾಲ್ಕು ವಿಡಿಯೋ ನೋಡಿ ತೀರ್ಮಾನ ಮಾಡಿಕೊಂಡು ಬರುತ್ತಾರೆ. ‘ಇಂಜೆಕ್ಟರ್ ಹೋಗಿದೆ, ಹಾಕಿಬಿಡಿ’ ಅನ್ನುತ್ತಾರೆ. ಮೆಕ್ಯಾನಿಕ್ ಒಳ್ಳೆಯವನಾದರೆ ಮೊದಲಿಂದ ವಿಚಾರಿಸುತ್ತಾನೆ. ಇಲ್ಲದಿದ್ದರೆ ಇಂಜೆಕ್ಟರ್ ಹಾಕಿ ಬಿಲ್ಲು ಕೊಡುತ್ತಾನೆ. ಕೇಳಿದ್ದನ್ನು ಮಾಡಿದ, ಅವನನ್ನು ಬೈಯಲೂ ಬರುವುದಿಲ್ಲ. ಡಾಕ್ಟರ ಮುಂದೆ ಕೂತು ಔಷಧಿಯ ಹೆಸರು ಹೇಳುತ್ತೀಯಾ? ಎಲ್ಲಿ ನೋವು, ಯಾವಾಗಿಂದ ಅಂತ ತಾನೇ ಹೇಳೋದು? ಇಲ್ಲೂ ಅಷ್ಟೇ. ಏನಾಗುತ್ತಿದೆ ಅನ್ನುವುದಕ್ಕಿಂತ ಯಾವಾಗ ಆಗುತ್ತಿದೆ ಅನ್ನುವುದನ್ನು ಗಮನಿಸು.

ಹೊಗೆಯನ್ನೇ ತಗೋ. ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ ಎಂದು ಎಲ್ಲರೂ ಹೇಳುತ್ತಾರೆ, ನಿಜವೇ. ಆದರೆ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಸಲ ಬುಸ್ ಎಂದು ಬಂದು ನಿಂತುಹೋದರೆ ಬಹುಮಟ್ಟಿಗೆ ವಾಲ್ವ್ ಸೀಲಿನ ದೋಷ. ಆಕ್ಸಿಲರೇಟರ್ ತುಳಿದಷ್ಟೂ ಬರುತ್ತಲೇ ಇದ್ದರೆ ಪಿಸ್ಟನ್ ರಿಂಗೋ ಬೋರೋ ಸವೆದಿರಬಹುದು, ಅಂದರೆ ಇಂಜಿನ್ ಬಿಚ್ಚುವ ಕೆಲಸ. ಬಣ್ಣ ಒಂದೇ, ಖರ್ಚಿಗೆ ಮಾತ್ರ ಅಜಗಜಾಂತರ. ಚಳಿಗಾಲದ ಬೆಳಿಗ್ಗೆ ತೆಳ್ಳಗೆ ಬಿಳಿ ಆವಿ ಬಂದು ಕರಗಿಹೋದರೆ ಚಿಂತೆ ಬೇಡ, ಅದು ಬರೀ ನೀರು. ಇಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ, ಜೊತೆಗೆ ಸಿಹಿ ವಾಸನೆ ಇದ್ದರೆ ಕೂಲೆಂಟ್ ಸಿಲಿಂಡರಿನೊಳಗೆ ಇಳಿಯುತ್ತಿದೆ. ಹೆಡ್ ಗ್ಯಾಸ್ಕೆಟ್ ನೋಡಿಸು. ಕಪ್ಪು ಹೊಗೆಗೆ ಮೊದಲು ಏರ್ ಫಿಲ್ಟರ್ ತೆಗೆದು ನೋಡಲು ಹೇಳು.

ಹೀಟ್ ಆಗುವ ಕಾರುಗಳನ್ನು ನಾನು ಕಂಡಷ್ಟು ಬೆಂಗಳೂರಿನವರು ಕಂಡಿರಲಿಕ್ಕಿಲ್ಲ. ಏಪ್ರಿಲ್, ಮೇನಲ್ಲಿ ಗುಂಡ್ಯದಿಂದ ಮಾರನಹಳ್ಳಿವರೆಗೆ ಶಿರಾಡಿ ಘಾಟಿ ಏರಿ ಬಂದವು, ಎ.ಸಿ. ಹಾಕಿಕೊಂಡು, ಐದು ಜನ ಕೂತು. ಟ್ರಾಫಿಕ್ಕಿನಲ್ಲಿ ನಿಂತಾಗ ಮಾತ್ರ ಹೀಟ್ ಆಗಿ, ಓಡುವಾಗ ಸರಿಯಿದ್ದರೆ ರೇಡಿಯೇಟರ್ ಫ್ಯಾನಿನ ಮೇಲೆ ಅನುಮಾನ ಪಡಬೇಕು. ಊರೊಳಗೆ ಏನೂ ಇಲ್ಲದೆ ಘಾಟಿಯಲ್ಲಿ ಟೆಂಪರೇಚರ್ ಮುಳ್ಳು ಏರಿದರೆ ರೇಡಿಯೇಟರ್ ಕಟ್ಟಿಕೊಂಡಿರಬಹುದು, ಕೂಲೆಂಟ್ ಕಡಿಮೆ ಇರಬಹುದು. ಈ ಒಂದು ವ್ಯತ್ಯಾಸವನ್ನು ನೀನು ಹೇಳಿದರೆ ಮೆಕ್ಯಾನಿಕ್‌ನ ಅರ್ಧ ದಿನ ಉಳಿಯುತ್ತದೆ. ಮುಳ್ಳು ಏರತೊಡಗಿದ ಕೂಡಲೇ ಎ.ಸಿ. ಆರಿಸಿ ಹೀಟರ್ ಪೂರ್ತಿ ಹಾಕು. ಬೆವರುತ್ತೀಯ, ಆದರೆ ಇಂಜಿನ್ನಿನ ಶಾಖ ಒಂದಿಷ್ಟು ಹೊರಗೆ ಹೋಗುತ್ತದೆ. ಕೆಂಪು ಗೆರೆ ಮುಟ್ಟಿದರೆ ಬದಿಗೆ ಹಾಕಿ ಆಫ್ ಮಾಡು. ನಿನ್ನ ಕಾರಿನಲ್ಲಿ ಮುಳ್ಳೇ ಇಲ್ಲದಿದ್ದರೆ, ಕೆಂಪು ಟೆಂಪರೇಚರ್ ದೀಪ ಹತ್ತಿತೆಂದರೆ ಅದೇ ಲೆಕ್ಕ.

ಇಲ್ಲೊಂದು ಮಾತು, ಇದನ್ನು ಮಾತ್ರ ಮೀರಬೇಡ. ಬಿಸಿ ಇಂಜಿನ್ನಿನ ರೇಡಿಯೇಟರ್ ಕ್ಯಾಪ್ ತಿರುಗಿಸಬೇಡ. ಒಳಗಿನ ಕೂಲೆಂಟ್ ಒತ್ತಡದಲ್ಲಿರುವುದರಿಂದಲೇ 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ಕ್ಯಾಪ್ ಬಿಚ್ಚಿದೊಡನೆ ಒತ್ತಡ ಇಳಿದು ಒಂದೇ ಸಲಕ್ಕೆ ಕುದಿದು ಮುಖಕ್ಕೆ ಹಾರುತ್ತದೆ. ಮುಖ, ಕೈ ಸುಟ್ಟುಕೊಂಡು ಬಂದ ಡ್ರೈವರುಗಳನ್ನು ನೋಡಿದ್ದೇನೆ. ತಣ್ಣೀರು ಸುರಿಯುವ ಆತುರವೂ ಬೇಡ, ಹೆಡ್ ಬೆಂಡ್ ಆದೀತು, ಕ್ರ್ಯಾಕ್ ಬಂದೀತು. ರೇಡಿಯೇಟರಿನ ಮೇಲಿನ ಹೋಸ್ ಕೈಯಲ್ಲಿ ಹಿಡಿಯುವಷ್ಟು ತಣಿಯಲಿ. ಅಲ್ಲಿಯವರೆಗೆ ಯಾರು ಹಿಂದೆ ಹಾರ್ನ್ ಹೊಡೆದರೂ ಹೊಡೆಯಲಿ.

ದೀಪಗಳಲ್ಲೂ ಭೇದ ಉಂಟು. ಎಣ್ಣೆ ಡಬ್ಬಿಯ ಆಕಾರದ ಕೆಂಪು ದೀಪ ಓಡುವಾಗ ಹತ್ತಿದರೆ ಮುಂದಿನ ಪೆಟ್ರೋಲ್ ಬಂಕಿನವರೆಗೂ ಹೋಗಬೇಡ, ಅಲ್ಲೇ ನಿಲ್ಲಿಸು. ಅದು ಆಯಿಲ್ ಪ್ರೆಶರ್ ಬಿದ್ದಿರುವ ಸೂಚನೆ, ಕೆಲವೇ ನಿಮಿಷದಲ್ಲಿ ಬೇರಿಂಗ್ ಹಿಡಿದುಬಿಡಬಹುದು. ಹಳದಿ ‘ಚೆಕ್ ಇಂಜಿನ್’ ದೀಪ ಸುಮ್ಮನೆ ಉರಿಯುತ್ತಿದ್ದರೆ ನಾಳೆ, ನಾಡಿದ್ದು ತೋರಿಸಬಹುದು. ಮಿಟುಕುತ್ತಿದ್ದರೆ, ಗಾಡಿಯೂ ಮಿಸ್ಸಿಂಗ್ ಹೊಡೆಯುತ್ತಿದ್ದರೆ ಓಡಿಸಬೇಡ. ಉರಿಯದ ಪೆಟ್ರೋಲು ಹೋಗಿ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುತ್ತದೆ. ಒಂದು ಇಗ್ನಿಷನ್ ಕಾಯಿಲಿನಲ್ಲಿ ಮುಗಿಯಬಹುದಾಗಿದ್ದ ಖರ್ಚು ಹತ್ತಾರು ಸಾವಿರಕ್ಕೆ ಹೋಗುತ್ತದೆ.

ಈಗ ಫೋನಿಗೆ ಕೂಡಿಸುವ ಸ್ಕ್ಯಾನರ್ ಸಿಗುತ್ತದೆ, ತಗೊಂಡರೆ ತಪ್ಪಿಲ್ಲ. ಆದರೆ ಅದು ತೋರಿಸುವ ಕೋಡು ಎಂದರೆ ಸೆನ್ಸರ್ ಏನು ಕಂಡಿತೋ ಅದು, ಯಾವ ಸಾಮಾನು ಕೆಟ್ಟಿದೆ ಎಂಬ ತೀರ್ಪಲ್ಲ. ಆಕ್ಸಿಜನ್ ಸೆನ್ಸರಿನ ಕೋಡು ಬಂದಿತೆಂದು ಸೆನ್ಸರ್ ಹಾಕಿಸಿ, ಕೊನೆಗೆ ನೋಡಿದರೆ ಬಿರುಕು ಬಿಟ್ಟ ಒಂದು ಗಾಳಿ ಹೋಸು! ಗ್ಯಾರೇಜಿಗೆ ಹೋಗುವ ಮುನ್ನ ಕೋಡು ಅಳಿಸಲೂ ಬೇಡ. ದೋಷ ಕಂಡ ಹೊತ್ತಿನ ವೇಗ, ಉಷ್ಣಾಂಶ ಅದರ ಜೊತೆಗೇ ದಾಖಲಾಗಿರುತ್ತದೆ.

ಕಾರಿನಡಿ ನೀರು ಕಂಡರೆ ಗಾಬರಿಯಾಗಬೇಡ, ಎ.ಸಿ. ಹಾಕಿದ್ದರೆ ತೊಟ್ಟಿಕ್ಕುವುದು ಸಹಜ. ಅನುಮಾನವಿದ್ದರೆ ರಾತ್ರಿ ಒಂದು ರಟ್ಟು ಹಾಸಿಡು. ಬಣ್ಣವಿಲ್ಲದ್ದು ನೀರು, ಹಸಿರೋ ಗುಲಾಬಿಯೋ ಆದರೆ ಕೂಲೆಂಟ್, ಕಂದು, ಕಪ್ಪಾದರೆ ಇಂಜಿನ್ ಆಯಿಲ್. ವಾರಕ್ಕೊಮ್ಮೆ ಸಮನಾದ ಜಾಗದಲ್ಲಿ ನಿಲ್ಲಿಸಿ, ಇಂಜಿನ್ ಆರಿಸಿ ಸ್ವಲ್ಪ ಹೊತ್ತಾದ ಮೇಲೆ ಡಿಪ್ ಸ್ಟಿಕ್ ಎಳೆದು ನೋಡು. ಆಯಿಲ್ ಹಾಲು ಬೆರೆಸಿದಂತೆ ಕಂಡರೆ ಸ್ಟಾರ್ಟ್ ಮಾಡದೆ ಟೋ ಮಾಡಿಸು.

ಶಬ್ದವನ್ನು ಬಾಯಲ್ಲಿ ಅನುಕರಿಸಿ ತೋರಿಸುವುದಕ್ಕಿಂತ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಹೋಗು, ಗ್ಯಾರೇಜಿಗೆ ಬಂದಾಗ ಕಾರು ಬಾಯಿ ಮುಚ್ಚಿಕೊಂಡಿರುತ್ತದೆ. ಮೆಕ್ಯಾನಿಕ್‌ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಓಡಿಸು. ರಿಪೇರಿಗೆ ಮೊದಲು ಅಂದಾಜು ಖರ್ಚು ಬರೆಸಿಕೋ. ಮುಗಿದ ಮೇಲೆ ಬದಲಾಯಿಸಿದ ಹಳೇ ಸಾಮಾನು ಕೇಳಿ ತಗೋ. ಕೊಡಲು ಹಿಂದೆಮುಂದೆ ನೋಡುವವನ ಹತ್ತಿರ ಎರಡನೇ ಸಲ ಹೋಗಬೇಡ.