ಫ್ಯಾನ್ ಲೈಟು ಮಾತು ಕೇಳದಿದ್ದಾಗ: ಎಆರ್‌ಜಿಬಿ ದೋಷ ಹುಡುಕುವ ಕ್ರಮ

ಹೊಸ ಪಿಸಿ ಕಟ್ಟಿದ ಸಂಭ್ರಮ. ಸಾಫ್ಟ್‌ವೇರ್ ತೆರೆದು ನೀಲಿ ಬಣ್ಣ ಒತ್ತಿದರೆ ಪರದೆ ಮೇಲೆ ಎಲ್ಲಾ ನೀಲಿ. ಕ್ಯಾಬಿನೆಟ್ ಒಳಗಿನ ಫ್ಯಾನುಗಳು ಮಾತ್ರ ತಮ್ಮ ಪಾಡಿಗೆ ಕಾಮನಬಿಲ್ಲು ತಿರುಗಿಸುತ್ತಾ ಕೂತಿರುತ್ತವೆ. ಆಮೇಲೆ ಏನಾಗುತ್ತೆ ಅಂತ ಎಲ್ಲರಿಗೂ ಗೊತ್ತು. ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕೋದು, ಇನ್ನೊಂದು ಸಾಫ್ಟ್‌ವೇರ್ ಹಾಕೋದು, ವಿಂಡೋಸ್ ಫಾರ್ಮ್ಯಾಟ್ ಮಾಡೋದು, ಕೊನೆಗೆ ಕ್ಯಾಬಿನೆಟ್ಟನ್ನು ತೊಡೆ ಮೇಲಿಟ್ಟುಕೊಂಡು ಭದ್ರಾವತಿಯಿಂದ ಶಿವಮೊಗ್ಗದ ಅಂಗಡಿಗೆ ಬಸ್ಸು ಹತ್ತೋದು. ಇದರಲ್ಲಿ ಬಹುಪಾಲು ಅನಗತ್ಯ. ಫ್ಯಾನಿನ ಲೈಟಿಗೆ ಬಣ್ಣದ ಸುದ್ದಿ ಯಾವ ದಾರಿಯಲ್ಲಿ ಹೋಗುತ್ತದೆ ಎಂದು ತಿಳಿದರೆ, ದಾರಿ ಎಲ್ಲಿ ಕಡಿದಿದೆ ಎಂಬುದನ್ನು ಮನೆಯಲ್ಲೇ, ಅರ್ಧ ಗಂಟೆಯಲ್ಲಿ ಪತ್ತೆ ಮಾಡಬಹುದು.

ಒಂದು ಫ್ಯಾನ್, ಎರಡು ಯಂತ್ರ

ಎಆರ್‌ಜಿಬಿ ಫ್ಯಾನಿನಿಂದ ಸಾಮಾನ್ಯವಾಗಿ ಎರಡು ಕೇಬಲ್ ಹೊರಬರುತ್ತವೆ. ಒಂದು ಮೋಟಾರಿನದು, 4 ಪಿನ್: 12 ವೋಲ್ಟ್, ಗ್ರೌಂಡ್, ವೇಗ ತಿಳಿಸುವ ಟ್ಯಾಕ್ ತಂತಿ, ವೇಗ ನಿಯಂತ್ರಿಸುವ ಪಿಡಬ್ಲ್ಯುಎಂ ತಂತಿ. ಇನ್ನೊಂದು ಲೈಟಿನದು. ಇದರಲ್ಲಿ ನಾಲ್ಕು ಪಿನ್ನಿನ ಜಾಗವಿದ್ದರೂ ಮೂರೇ ಪಿನ್ ಇರುತ್ತವೆ: 5 ವೋಲ್ಟ್, ಡೇಟಾ, ಒಂದು ಖಾಲಿ, ಗ್ರೌಂಡ್.

ಈ ಎರಡು ಯಂತ್ರಗಳಿಗೆ ಒಂದಕ್ಕೊಂದರ ಪರಿಚಯವೇ ಇಲ್ಲ. ಮೋಟಾರು ಪ್ರತಿ ಸುತ್ತಿಗೆ ಎರಡು ಪಲ್ಸ್ ಟ್ಯಾಕ್ ತಂತಿಯಲ್ಲಿ ವಾಪಸ್ ಕಳಿಸುತ್ತದೆ. ಬಯೋಸ್‌ನಲ್ಲಿ ಫ್ಯಾನಿನ ವೇಗ ಕಾಣುವುದು ಅದರಿಂದಲೇ. ಆದ್ದರಿಂದ "ಬಯೋಸ್‌ನಲ್ಲಿ ಫ್ಯಾನ್ ತೋರಿಸ್ತಿದೆ, ಹಾಗಾದ್ರೆ ಲೈಟಿನ ಕನೆಕ್ಷನ್ ಸರಿ ಇದೆ" ಎಂಬ ವಾದ ನಿಲ್ಲುವುದಿಲ್ಲ.

ಪಂಕ್ತಿಯಲ್ಲಿ ಬಾಳೆಲೆ ದಾಟಿಸಿದಂತೆ

ಇಂಥ ಫ್ಯಾನುಗಳಲ್ಲಿರುವ ಎಲ್‌ಇಡಿಗಳು ಹೆಚ್ಚಾಗಿ ಡಬ್ಲ್ಯುಎಸ್2812ಬಿ ಅಥವಾ ಅದೇ ರೀತಿ ಕೆಲಸ ಮಾಡುವ ಜಾತಿಯವು. ಪ್ರತಿ ಎಲ್‌ಇಡಿಯೊಳಗೂ ಒಂದು ಪುಟ್ಟ ಚಿಪ್ ಇದೆ. ಅವು ಮಾಲೆಯಂತೆ ಒಂದರ ಹಿಂದೆ ಒಂದು ಜೋಡಣೆಯಾಗಿರುತ್ತವೆ.

ನಮ್ಮ ಕಡೆ ಮದುವೆ ಊಟದ ಪಂಕ್ತಿಯಲ್ಲಿ ಬಾಳೆಲೆ ಕಟ್ಟನ್ನು ಮೊದಲು ಕೂತವರ ಕೈಗೆ ಕೊಟ್ಟರೆ ಏನು ಮಾಡುತ್ತಾರೆ? ಮೇಲಿನ ಒಂದು ಎಲೆ ತಾವಿಟ್ಟುಕೊಂಡು ಉಳಿದ ಕಟ್ಟನ್ನು ಪಕ್ಕಕ್ಕೆ ದಾಟಿಸುತ್ತಾರೆ. ಎಲ್‌ಇಡಿ ಮಾಡುವುದೂ ಅದನ್ನೇ. ಬಂದ ಡೇಟಾದಲ್ಲಿ ಮೊದಲ 24 ಬಿಟ್ ತನಗೆ, ಹಸಿರು, ಕೆಂಪು, ನೀಲಿಗೆ ತಲಾ 8. ಉಳಿದದ್ದು ಮುಂದಿನದಕ್ಕೆ. ಒಂದು ಬಿಟ್‌ಗೆ 1.25 ಮೈಕ್ರೋಸೆಕೆಂಡ್, ಅಂದರೆ ಒಂದು ಎಲ್‌ಇಡಿಗೆ 30 ಮೈಕ್ರೋಸೆಕೆಂಡ್. 12 ಎಲ್‌ಇಡಿ ಇರುವ ಮೂರು ಫ್ಯಾನನ್ನು ಸಾಲಾಗಿ ಜೋಡಿಸಿದರೆ 36 ಎಲ್‌ಇಡಿ. ಇಡೀ ಪಂಕ್ತಿಗೆ ಬಡಿಸಲು ಸುಮಾರು 1.08 ಮಿಲಿಸೆಕೆಂಡ್ ಸಾಕು.

ಈಗ ಮುಖ್ಯ ವಿಷಯ. ಈ ಪಂಕ್ತಿಯಲ್ಲಿ ಎಲೆ ಮುಂದಕ್ಕೆ ಹೋಗುತ್ತದೆ, ಹಿಂದಕ್ಕೆ ಏನೂ ಬರುವುದಿಲ್ಲ. ಡೇಟಾ ತಂತಿ ಒಂದೇ, ದಿಕ್ಕೂ ಒಂದೇ. "ನಾವು 12 ಜನ ಇದ್ದೀವಿ" ಎಂದಾಗಲಿ "ನನಗೆ ಎಲೆ ಸಿಗಲಿಲ್ಲ" ಎಂದಾಗಲಿ ಎಲ್‌ಇಡಿ ಹೇಳಲಾರದು. ಸಾಫ್ಟ್‌ವೇರಿನಲ್ಲಿ ಹೆಸರು ಕಾಣಿಸಿತು ಅಂದರೆ ಅದಕ್ಕೆ ಕಂಡಿದ್ದು ಮದರ್‌ಬೋರ್ಡ್ ಮೇಲಿನ ಕಂಟ್ರೋಲರ್ ಚಿಪ್, ಅಥವಾ ಯುಎಸ್‌ಬಿಯಲ್ಲಿ ಜೋಡಿಸಿದ ಕಂಟ್ರೋಲರ್ ಹಬ್. ಫ್ಯಾನನ್ನು ಅದು ಕಂಡೇ ಇಲ್ಲ. ಫ್ಯಾನನ್ನೂ ಗುರುತಿಸುವ ಸ್ವಂತ ಕನೆಕ್ಟರ್ ವ್ಯವಸ್ಥೆ ಕೆಲವು ಕಂಪನಿಗಳಲ್ಲಿದೆ, ಆ ಮಾತು ಬೇರೆ. ಸಾಮಾನ್ಯ 3 ಪಿನ್ ಫ್ಯಾನಿಗೆ ಈ ನಿಯಮ ಖಾಯಂ.

ಹಾಗಾಗಿ ದಾರಿಯನ್ನು ಎರಡು ಭಾಗ ಮಾಡಿಕೊಳ್ಳಿ. ಸಾಫ್ಟ್‌ವೇರಿನಿಂದ ಕಂಟ್ರೋಲರ್‌ವರೆಗೆ ಮಾತುಕತೆ ಎರಡೂ ಕಡೆಯಿಂದ ನಡೆಯುತ್ತದೆ. ತಪ್ಪಿದ್ದರೆ ಕಂಪ್ಯೂಟರೇ ಹೇಳುತ್ತದೆ. ಕಂಟ್ರೋಲರ್‌ನಿಂದ ಫ್ಯಾನ್‌ವರೆಗೆ ಬರೀ ಆಜ್ಞೆ. ಅಲ್ಲಿ ಉತ್ತರ ಓದಬೇಕಾದ್ದು ನಿಮ್ಮ ಕಣ್ಣು. ದೋಷ ಯಾವ ಭಾಗದಲ್ಲಿದೆ ಎಂದು ತಿಳಿಯುವ ಮೊದಲೇ ಫಾರ್ಮ್ಯಾಟ್ ಮಾಡುವುದು, ಹಲ್ಲುನೋವಿಗೆ ಕಾಲಿಗೆ ಪಟ್ಟಿ ಕಟ್ಟಿದ ಹಾಗೆ.

ಮೊದಲು ಸುಡದಂತೆ ನೋಡಿಕೊಳ್ಳಿ

ಮದರ್‌ಬೋರ್ಡ್‌ನಲ್ಲಿ ಎರಡು ಬಗೆಯ ಲೈಟ್ ಹೆಡರ್ ಇರಬಹುದು. ಹಳೆಯ ಬಗೆಯದು ನಾಲ್ಕೂ ಪಿನ್ ಇರುವ 12 ವೋಲ್ಟಿನ ಆರ್‌ಜಿಬಿ. ಇನ್ನೊಂದು ಮೂರು ಪಿನ್ನಿನ 5 ವೋಲ್ಟಿನ ಎಆರ್‌ಜಿಬಿ. 5 ವೋಲ್ಟಿನ ಫ್ಯಾನನ್ನು ಒತ್ತಾಯ ಮಾಡಿ 12 ವೋಲ್ಟಿನ ಹೆಡರಿಗೆ ಹಾಕಿದರೆ ಎಲ್‌ಇಡಿಗಳು ಸುಟ್ಟು ಹೋಗುತ್ತವೆ. ಆಮೇಲೆ ಯಾವ ಸಾಫ್ಟ್‌ವೇರೂ ಅವನ್ನು ಎಬ್ಬಿಸಲಾರದು. ಹೆಡರ್ ಪಕ್ಕದಲ್ಲಿ ಅಚ್ಚಾದ ಹೆಸರನ್ನು ಬೋರ್ಡಿನ ಮ್ಯಾನುಯಲ್ ಜೊತೆ ತಾಳೆ ನೋಡಿ. ಪ್ಲಗ್ ಹಾಕುವಾಗ, ತೆಗೆಯುವಾಗ ಪವರ್ ಸಪ್ಲೈ ಹಿಂದಿನ ಸ್ವಿಚ್ ಆರಿಸಿರಲಿ. ಪಿಸಿ ಶಟ್‌ಡೌನ್ ಮಾಡಿದರೆ ಸಾಲದು, ಸ್ಟ್ಯಾಂಡ್‌ಬೈ 5 ವೋಲ್ಟ್ ಬೋರ್ಡಿನಲ್ಲಿ ಇದ್ದೇ ಇರುತ್ತದೆ.

ಇನ್ನೊಂದು ಲೆಕ್ಕ. ಎಲ್‌ಇಡಿಯ ಒಂದು ಬಣ್ಣಕ್ಕೆ 20 ಮಿಲಿಆಂಪ್ ಹಿಡಿದರೆ ಪೂರ್ತಿ ಬಿಳಿಗೆ 60. 36 ಎಲ್‌ಇಡಿಗೆ 2.16 ಆಂಪ್. ಹಲವು ಬೋರ್ಡುಗಳ ಒಂದು ಎಆರ್‌ಜಿಬಿ ಹೆಡರಿನ ಮಿತಿ 3 ಆಂಪ್. ಮೂರು ಫ್ಯಾನ್ ಸರಿ, ಆರು ಫ್ಯಾನನ್ನು ಒಂದೇ ಹೆಡರಿಗೆ ನೇತುಹಾಕುವುದು ಸರಿಯಲ್ಲ. ಸಾಟಾ ಕೇಬಲಿನಿಂದ ಕರೆಂಟ್ ಪಡೆಯುವ ಹಬ್ ಇರುವುದೇ ಇದಕ್ಕೆ.

ಹುಡುಕುವ ಕ್ರಮ

1. ಕಂಟ್ರೋಲರ್ ಕಾಣುತ್ತಿದೆಯೇ? ಇತ್ತೀಚಿನ ಹಲವು ಬೋರ್ಡುಗಳಲ್ಲಿ ಲೈಟಿನ ಕಂಟ್ರೋಲರ್ ಒಳಗಿನಿಂದ ಯುಎಸ್‌ಬಿಗೇ ಸೇರಿರುತ್ತದೆ. ವಿಂಡೋಸ್‌ನಲ್ಲಿ ಡಿವೈಸ್ ಮ್ಯಾನೇಜರ್, ಲಿನಕ್ಸ್‌ನಲ್ಲಿ ಎಲ್‌ಎಸ್‌ಯುಎಸ್‌ಬಿ ಆಜ್ಞೆ ನೋಡಿ. ಪ್ರತ್ಯೇಕ ಕಂಟ್ರೋಲರ್ ಹಬ್ ಇದ್ದರೆ ಅದರ ಯುಎಸ್‌ಬಿ ಕೇಬಲ್ ಬೋರ್ಡಿನ 9 ಪಿನ್ ಹೆಡರಿಗೆ ಕೂತಿದೆಯೇ ನೋಡಿ. ಸಾಟಾ ಮಾತ್ರ ಹಾಕಿ ಯುಎಸ್‌ಬಿ ಮರೆತರೆ ಲೈಟು ಉರಿಯುತ್ತದೆ, ಮಾತು ಕೇಳುವುದಿಲ್ಲ.

2. ಯಜಮಾನರು ಎಷ್ಟು ಜನ? ಆರ್ಮರಿ ಕ್ರೇಟ್, ಮಿಸ್ಟಿಕ್ ಲೈಟ್, ಆರ್‌ಜಿಬಿ ಫ್ಯೂಷನ್, ಓಪನ್‌ಆರ್‌ಜಿಬಿ ಇವುಗಳಲ್ಲಿ ಎರಡು ಒಟ್ಟಿಗೆ ಓಡುತ್ತಿದ್ದರೆ ಒಂದು ಹಾಕಿದ ಬಣ್ಣವನ್ನು ಇನ್ನೊಂದು ಅಳಿಸುತ್ತದೆ. 2023ರಿಂದ ವಿಂಡೋಸ್ 11ರಲ್ಲೇ ಡೈನಾಮಿಕ್ ಲೈಟಿಂಗ್ ಎಂಬ ಇನ್ನೊಬ್ಬ ಯಜಮಾನ ಸೇರಿಕೊಂಡಿದ್ದಾನೆ; ಸೆಟ್ಟಿಂಗ್ಸ್‌ನ ಪರ್ಸನಲೈಸೇಶನ್ ಒಳಗೆ ಸಿಗುತ್ತಾನೆ. ಒಬ್ಬನನ್ನು ಇಟ್ಟುಕೊಂಡು ಉಳಿದವರನ್ನು ಸ್ಟಾರ್ಟಪ್ ಪಟ್ಟಿಯಿಂದಲೂ ತೆಗೆಯಿರಿ.

3. ಹಬ್ ಯಾರ ಮಾತು ಕೇಳುತ್ತಿದೆ? ಕಡಿಮೆ ಬೆಲೆಯ ಹಬ್‌ಗಳಿಗೆ ಸ್ವಂತ ಬುದ್ಧಿ ಇದೆ. ಬಟನ್ ಒತ್ತಿದಾಗೆಲ್ಲ ತನ್ನೊಳಗಿನ ವಿನ್ಯಾಸ ಬದಲಿಸುತ್ತದೆ. ಅದೇ ಬಟನ್ನನ್ನು ಕೆಲವು ಸೆಕೆಂಡ್ ಒತ್ತಿ ಹಿಡಿದರೆ ಮದರ್‌ಬೋರ್ಡಿನ ಮಾತು ಕೇಳುವ ಸ್ಥಿತಿಗೆ ಬರುತ್ತದೆ. ಎಷ್ಟೋ ಕ್ಯಾಬಿನೆಟ್‌ಗಳಲ್ಲಿ ರೀಸೆಟ್ ಬಟನ್ನನ್ನೇ ಇದಕ್ಕೆ ಜೋಡಿಸಿರುತ್ತಾರೆ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದ ಮೇಲೆ ಮತ್ತೆ ಕಾಮನಬಿಲ್ಲು ಶುರುವಾದರೆ, ಹಬ್‌ಗೆ ನೆನಪಿನ ಶಕ್ತಿ ಇಲ್ಲ ಅಂತ ತಿಳಿಯಿರಿ. ಮತ್ತೆ ಒತ್ತಿ ಹಿಡಿಯಿರಿ, ಅಷ್ಟೇ.

4. ಸಂಖ್ಯೆ ಹೇಳಿದ್ದೀರಾ? ಎಲ್‌ಇಡಿ ಎಷ್ಟಿವೆ ಎಂದು ಫ್ಯಾನ್ ಹೇಳಲಾರದು, ನೀವೇ ಹೇಳಬೇಕು. ಓಪನ್‌ಆರ್‌ಜಿಬಿಯಲ್ಲಿ ಇಂಥ ಹೆಡರಿನ ಸಂಖ್ಯೆ ಮೊದಲಿಗೆ ಸೊನ್ನೆ ಇರುತ್ತದೆ. ಸೊನ್ನೆ ಎಲೆ ಕಳಿಸಿದರೆ ಪಂಕ್ತಿಗೆ ಊಟ ಎಲ್ಲಿಂದ? ಫ್ಯಾನುಗಳು ಒಂದರ ಬಾಲಕ್ಕೆ ಒಂದು ಸೇರಿದ್ದರೆ ಎಲ್ಲವನ್ನೂ ಕೂಡಿಸಿ 36 ಹಾಕಿ. ಸಾಮಾನ್ಯ ಹಬ್ ಆದರೆ ಒಂದೇ ಡೇಟಾವನ್ನು ಎಲ್ಲಾ ಪೋರ್ಟಿಗೂ ಹಂಚುತ್ತದೆ, ಆಗ ಒಂದು ಫ್ಯಾನಿನ 12 ಸಾಕು. ಅಂಥ ಹಬ್‌ನಲ್ಲಿ ಮೂರು ಫ್ಯಾನಿಗೆ ಮೂರು ಬಣ್ಣ ಕೊಡಲು ಆಗುವುದಿಲ್ಲ. ಅದು ದೋಷವಲ್ಲ, ಅದರ ರಚನೆಯೇ ಹಾಗೆ.

5. ಬಣ್ಣ ಓದಿ. ಮೊದಲು ಪೂರ್ತಿ ಕೆಂಪು, ಆಮೇಲೆ ಹಸಿರು, ಆಮೇಲೆ ನೀಲಿ, ಕೊನೆಗೆ ಬಿಳಿ ಕೊಟ್ಟು ನೋಡಿ. ಕೆಂಪು ಕೇಳಿದರೆ ಹಸಿರು ಬಂದರೆ ಬಣ್ಣದ ಅನುಕ್ರಮದ ಸೆಟ್ಟಿಂಗ್ ತಪ್ಪಿದೆ. ಬಣ್ಣ ಬದಲಾಗದೆ ಹೆಪ್ಪುಗಟ್ಟಿದಂತೆ ನಿಂತರೆ ಕರೆಂಟ್ ಇದೆ, ಹೊಸ ಡೇಟಾ ಬರುತ್ತಿಲ್ಲ. ಎಲ್‌ಇಡಿ ಕೊನೆಗೆ ಕೇಳಿದ್ದನ್ನೇ ಹಿಡಿದುಕೊಂಡಿರುತ್ತದೆ. ಬಿಳಿ ಕೊಟ್ಟಾಗ ಕೊನೆಯ ಫ್ಯಾನ್ ಮಾತ್ರ ಕೆಂಪಗಾದರೆ ವೋಲ್ಟೇಜ್ ಇಳಿಯುತ್ತಿದೆ. ಭದ್ರಾ ನಾಲೆಯ ಕೊನೆ ಭಾಗದ ರೈತರ ಗೋಳು ಇಲ್ಲೂ ಇದೆ: ಮೇಲಿನವರು ಕುಡಿದು ಉಳಿದದ್ದು ಬಾಲಕ್ಕೆ. ನೀಲಿ, ಹಸಿರು ಎಲ್‌ಇಡಿಗೆ ಕೆಂಪಿಗಿಂತ ಹೆಚ್ಚು ವೋಲ್ಟೇಜ್ ಬೇಕು, ಅದಕ್ಕೇ ಅವು ಮೊದಲು ಮಂಕಾಗುತ್ತವೆ.

6. ಅದಲುಬದಲು ಮಾಡಿ. ಹಾಳಾಗಿದೆ ಅನ್ನಿಸಿದ ಫ್ಯಾನನ್ನು ಸರಿಯಿರುವ ಫ್ಯಾನಿನ ಜಾಗಕ್ಕೆ ಹಾಕಿ. ದೋಷ ಫ್ಯಾನಿನ ಜೊತೆ ಬಂದರೆ ಫ್ಯಾನಿನದು. ಪೋರ್ಟಿನಲ್ಲೇ ಉಳಿದರೆ ಹಬ್‌ನದು.

ಭದ್ರಾವತಿಯ ಒಂದು ಕೇಸು

ಇದೇ ಕ್ರಮ ನಿಜವಾಗಿ ಹೇಗೆ ನಡೆಯುತ್ತದೆ ನೋಡಿ. ಭದ್ರಾವತಿ ನ್ಯೂಟೌನ್‌ನ ಗೆಳೆಯನೊಬ್ಬನ ಪಿಸಿ. ಮೂರು ಫ್ಯಾನ್, ಒಂದು ಸಾಮಾನ್ಯ ಹಬ್. ಆಗಲೇ ಒಂದು ಸಲ ಫಾರ್ಮ್ಯಾಟ್ ಆಗಿತ್ತು. ಮಿನಿ ಪ್ರಾಜೆಕ್ಟಿನ ಫೋಲ್ಡರ್ ಪೆನ್‌ಡ್ರೈವ್‌ನಲ್ಲಿದ್ದದ್ದಕ್ಕೆ ಬಚಾವ್. ಫೋನಿನಲ್ಲೇ ಶುರು ಮಾಡಿದೆವು. ಕಂಟ್ರೋಲರ್ ಕಾಣುತ್ತಿತ್ತು. ಓಡುತ್ತಿದ್ದ ಸಾಫ್ಟ್‌ವೇರ್ ಒಂದೇ, ಓಪನ್‌ಆರ್‌ಜಿಬಿ. ಅಂದಮೇಲೆ ಫಾರ್ಮ್ಯಾಟಿನಿಂದ ಏನೂ ಆಗುವಂತಿರಲಿಲ್ಲ.

ಬಟನ್ ಒತ್ತಿ ಹಿಡಿ ಅಂದೆ. "ಲೈಟು ಪೂರ್ತಿ ಹೋಯ್ತು ಮಾರಾಯ, ಇದ್ದಿದ್ದೂ ಕೆಟ್ಟೋಯ್ತು!" ಅಂದ. ವಾಸ್ತವದಲ್ಲಿ ಅದು ಒಳ್ಳೆ ಸುದ್ದಿ. ಹಬ್ ತನ್ನ ಹಾಡು ನಿಲ್ಲಿಸಿ ಬೋರ್ಡಿನ ಮಾತಿಗೆ ಕಿವಿ ಕೊಟ್ಟಿದೆ, ಆದರೆ ಬೋರ್ಡು ಏನೂ ಹೇಳುತ್ತಿಲ್ಲ ಎಂದರ್ಥ. ಸಂಖ್ಯೆ ನೋಡಿದರೆ ಸೊನ್ನೆ. 12 ಹಾಕಿಸಿದ್ದೇ ತಡ, ಮೂರೂ ಫ್ಯಾನ್ ಹೇಳಿದ ಬಣ್ಣಕ್ಕೆ ತಿರುಗಿದವು.

ಆದರೆ ಮೂರನೆಯದರಲ್ಲಿ ಏಳು ಎಲ್‌ಇಡಿ ಉರಿದು ಎಂಟರಿಂದ ಮುಂದೆ ಕತ್ತಲೆ. ಕಂಪ್ಯೂಟರ್ ಆರಿಸಿ ಪೋರ್ಟ್ ಬದಲಿಸಿದ. ಕತ್ತಲೆ ಫ್ಯಾನಿನ ಜೊತೆಗೇ ಹೋಯಿತು. ಇಂಥ ಕಡೆ ತಪ್ಪಿತಸ್ಥ ಎಂಟನೆಯದಿರಬಹುದು, ಅಥವಾ ತಾನು ಉಂಡು ಪಕ್ಕಕ್ಕೆ ಎಲೆ ದಾಟಿಸದ ಏಳನೆಯದೂ ಇರಬಹುದು. ಏನೇ ಆದರೂ ದೋಷ ಆ ಒಂದು ಫ್ಯಾನಿನೊಳಗೆ ಎಂಬುದು ಖಚಿತ. ಇಡೀ ಕ್ಯಾಬಿನೆಟ್ ಬದಲು ಒಂದು ಫ್ಯಾನನ್ನು ಬ್ಯಾಗಿನಲ್ಲಿ ಹಾಕಿಕೊಂಡು ಶಿವಮೊಗ್ಗಕ್ಕೆ ಬಂದ, ವಾರಂಟಿಯಲ್ಲಿ ಬದಲಾಯಿಸಿಕೊಂಡ.

ಲ್ಯಾಬಿನಲ್ಲಿ ಪರೀಕ್ಷೆ

ಫ್ಯಾನೋ ಬೋರ್ಡೋ ಎಂಬ ಅನುಮಾನ ಆಮೇಲೂ ಉಳಿದರೆ ಲ್ಯಾಬಿನ ಆರ್ಡುಯಿನೋ ಉನೋ ಸಾಕು. ಅದರ ಸಿಗ್ನಲ್ 5 ವೋಲ್ಟಿನದೇ ಆದ್ದರಿಂದ ಈ ಎಲ್‌ಇಡಿಗಳಿಗೆ ಹೊಂದುತ್ತದೆ. ಫ್ಯಾನಿನ 5 ವೋಲ್ಟ್ ಮತ್ತು ಗ್ರೌಂಡನ್ನು ಉನೋದ ಅದೇ ಹೆಸರಿನ ಪಿನ್‌ಗಳಿಗೆ, ಡೇಟಾವನ್ನು ಸುಮಾರು 470 ಓಮ್ ರೆಸಿಸ್ಟರ್ ಮೂಲಕ 6ನೇ ಪಿನ್ನಿಗೆ ಕೊಡಿ. ಅಡಾಫ್ರೂಟ್ ನಿಯೋಪಿಕ್ಸೆಲ್ ಲೈಬ್ರರಿಯ ಉದಾಹರಣೆ ಪ್ರೋಗ್ರಾಂನಲ್ಲಿ ಸಂಖ್ಯೆ 12 ಮಾಡಿ, ಹೊಳಪು ಕಡಿಮೆ ಇಟ್ಟು ಓಡಿಸಿ; ಯುಎಸ್‌ಬಿಯಿಂದ ಬರುವ ಕರೆಂಟಿಗೆ ಮಿತಿ ಇದೆ. ಒಂದು ಸಲಕ್ಕೆ ಒಂದೇ ಫ್ಯಾನ್. ಇಲ್ಲಿ ಉರಿದರೆ ಫ್ಯಾನ್ ನಿರಪರಾಧಿ.

ಆಂಟಿವೈರಸ್ ಆರಿಸಬೇಡಿ

ನಿನ್ನೆ ಸರಿಯಿದ್ದ ಸಾಫ್ಟ್‌ವೇರ್ ಇವತ್ತು ಇದ್ದಕ್ಕಿದ್ದಂತೆ ನಿಂತಿತು ಅಂದರೆ ಒಂದು ಕಾರಣ ಭದ್ರತೆಯದೂ ಇರಬಹುದು. ಹಲವು ಲೈಟ್, ಫ್ಯಾನ್ ಸಾಫ್ಟ್‌ವೇರುಗಳು ವಿನ್‌ರಿಂಗ್0 ಎಂಬ ಹಳೆಯ ಡ್ರೈವರ್ ಬಳಸುತ್ತಿದ್ದವು. ಯಂತ್ರದ ಆಳಕ್ಕೆ ಕೈ ಹಾಕಲು ಬಿಡುವ ಲೋಪ ಅದರಲ್ಲಿದ್ದುದರಿಂದ 2025ರ ಮಾರ್ಚ್‌ನಲ್ಲಿ ವಿಂಡೋಸ್ ಡಿಫೆಂಡರ್ ಅದನ್ನು ಹಿಡಿಯತೊಡಗಿತು. "ಡಿಫೆಂಡರ್ ಆಫ್ ಮಾಡು, ಸರಿ ಹೋಗುತ್ತೆ" ಎನ್ನುವ ಸಲಹೆ ಕೇಳಬೇಡಿ. ಸಾಫ್ಟ್‌ವೇರಿನ ಹೊಸ ಆವೃತ್ತಿ ಹಾಕಿ. ಲೈಟಿಗೋಸ್ಕರ ಮನೆಯ ಬಾಗಿಲು ತೆರೆದಿಡುವುದು ಯಾವ ಲೆಕ್ಕದಲ್ಲೂ ಲಾಭವಲ್ಲ.

ಅಂಗಡಿಗೆ ಹೋಗುವ ಮುಂಚೆ

ಹೋಗಲೇಬೇಕಾಗಿ ಬಂದರೆ ಒಂದು ಚೀಟಿಯಲ್ಲಿ ಈ ಐದು ಸಾಲು ಬರೆದುಕೊಳ್ಳಿ. ಕಂಟ್ರೋಲರ್ ಕಾಣುತ್ತದೋ ಇಲ್ಲವೋ. ಫ್ಯಾನ್ ಯಾವ ಹೆಡರ್ ಅಥವಾ ಪೋರ್ಟಿನಲ್ಲಿದೆ. ಎಲ್‌ಇಡಿ ಸಂಖ್ಯೆ ಎಷ್ಟು ಕೊಟ್ಟಿದ್ದಿರಿ. ಕೆಂಪು, ಹಸಿರು, ನೀಲಿ, ಬಿಳಿ ಕೊಟ್ಟಾಗ ಏನು ಕಂಡಿತು. ಅದಲುಬದಲು ಮಾಡಿದಾಗ ದೋಷ ಯಾರ ಜೊತೆ ಹೋಯಿತು. "ಲೈಟ್ ವರ್ಕ್ ಆಗ್ತಿಲ್ಲ ಅಣ್ಣಾ" ಅಂದರೆ ಕ್ಯಾಬಿನೆಟ್ ಅಂಗಡಿಯಲ್ಲೇ ವಾರಗಟ್ಟಲೆ ಕೂರಬಹುದು. "ಈ ಫ್ಯಾನಿನಲ್ಲಿ ಎಂಟನೇ ಎಲ್‌ಇಡಿಯಿಂದ ಮುಂದೆ ಡೇಟಾ ಹೋಗ್ತಿಲ್ಲ, ಪೋರ್ಟ್ ಬದಲಿಸಿ ನೋಡಿದ್ದೀನಿ" ಅಂದರೆ, ಕೌಂಟರಿನ ಆಚೆಗಿರುವವರೂ ಹುಡುಕಾಟವನ್ನು ಮೊದಲಿನಿಂದ ಶುರು ಮಾಡಬೇಕಾಗಿಲ್ಲ.